ಮಂಚದ ಕೆಳಗಿನ ಗಿಟಾರ್

ಅಕ್ಕೋರೆ, ವೈನಿಯವ್ರೆ, ಹೋದ ಸಲ ಪುಂಡಿಪಲ್ಯದ್ದು ಬರದಿದ್ದೆ. ಈ ಸಲದ ಮಾತು ಥೋಡೆ ಬ್ಯಾರೆ ಅದ. ನಗಬ್ಯಾಡ್ರಿ, ಗಿಟಾರಿಂದು ಬರೀಲಾಕ ಕುಂತೀನಿ. ಅದೂ ಕಿವಿ ಗುಂಯ್ ಅನ್ನಿಸೋ ರಾಕ್ ಬ್ಯಾಂಡಿಂದು.

ನನ್ನ ಮಗ ಬೆಂಗಳೂರಾಗ ನೌಕರಿ ಮಾಡ್ತಾನ, ಅದು ನಿಮಗೆಲ್ಲ ಗೊತ್ತದ. ನೌಕರಿ ಮುಗಿಸಿ ಮೂರು ಮಂದಿ ಗೆಳ್ಯಾರ ಕೂಡಿ ಗಿಟಾರ್ ಬಾರಸ್ತಾನ ಅನ್ನೋದು ಗೊತ್ತಿಲ್ಲ, ಯಾಕಂದ್ರ ನಾನೇ ಹೇಳಿಲ್ಲ. ದೀಪಾವಳಿಗಿ ಅವ ಗುಂಡಗುರ್ತಿಗಿ ಬಂದಾಗ ಸೇಡಂ ಕಡಿಂದ ಹೆಣ್ಣಿನವ್ರು ಬಂದಿದ್ರು. ಅವ್ರು ಬರೋಕಿಂತ ಮೊದ್ಲ, "ಅದನ್ನ ಜರಾ ಮಂಚದ ಕೆಳಗ ಇಡಪ್ಪ" ಅಂದೆ. ಅವ ಒಂದು ಮಾತು ಅನಲಿಲ್ಲ. ಕೌದಿ ಸುತ್ತಿ ಒಳಗ ಸರಿಸಿದ. ಬಂದವ್ರಿಗಿ ಚಹಾ ಕೊಡೋ ಹೊತ್ತಿನ್ಯಾಗ ನನಗ ಅವನ ಮುಖ ನೋಡ್ಲಾಕ ಆಗಲಿಲ್ಲ.

ಯಾಕ ಮುಚ್ಚಿಟ್ಟೆ ಅಂತ ಕೇಳಿದ್ರ ನಮ್ಮಪ್ಪನ ಸುದ್ದಿ ಹೇಳ್ಬೇಕಾಗ್ತದ. ನಮ್ಮಪ್ಪ ನಾಟಕ ಕಂಪನ್ಯಾಗ ಪೇಟಿ ಬಾರಸ್ತಿದ್ದ. ಜಾತ್ರಿ ಇದ್ದಲ್ಲಿ ಕಂಪನಿ, ಕಂಪನಿ ಇದ್ದಲ್ಲಿ ಅಪ್ಪ. ಕಲಬುರಗಿ ಶರಣಬಸವೇಶ್ವರ ಜಾತ್ರಿ ಮುಗೀತಂದ್ರ ಮುಂದ ಮತ್ತೊಂದು ಊರು. ಮಳಿಗಾಲಕ್ಕ ಟೆಂಟ್ ಬಿಚ್ಚಿದ ಮ್ಯಾಲ ಮನಿಗಿ ಬರ್ತಿದ್ದ, ಖಾಲಿ ಕೈಲೆ. ಅವ್ವ ಮಂದಿ ತೊಗರಿ ಹೊಲಕ್ಕ ಕೂಲಿ ಹೋಗಿ ನಾವು ಮೂರು ಮಕ್ಕಳನ್ನ ಸಾಕಿದಳು. ಕಡೀಕ ಸಾಲಕ್ಕ ಪೇಟಿ ಮಾರಿದ್ರು. "ಬಾರಿಸೋರ ಮನ್ಯಾಗ ಒಲಿ ಹತ್ತಂಗಿಲ್ಲ" ಅಂತ ಅವ್ವ ಅಂತಿದ್ದಳು. ಆ ಮಾತು ನನ್ನ ಹೊಟ್ಯಾಗ ಕುಂತಿತ್ತು.

ಸಂಕ್ರಾಂತಿ ಆದ ಮ್ಯಾಲ ಕಣ್ಣಿನ ಆಪರೇಷನ್ ಅಂತ ವಾಡಿಯಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗಿ ಹೋದೆ. ಹದಿನೈದು ದಿನ ಮಗನ ಖೋಲ್ಯಾಗ. ಒಲಿ ಮುಂದ ನಿಲ್ಲಂಗಿಲ್ಲ, ಟಿವಿ ನೋಡಂಗಿಲ್ಲ. ಮಾತು ಒಂದೇ ಉಳೀತು. ಒಂದಿನ ಕೇಳೇಬಿಟ್ಟೆ, "ಇದನ್ನ ಬಾರಿಸಿ ಯಾರಾದ್ರೂ ಉದ್ಧಾರ ಆಗ್ಯಾರೇನಪ್ಪ?"

ಅವ ಸುಳ್ಳು ಹೇಳಲಿಲ್ಲ. "ರೊಕ್ಕದಾಗ ಇಲ್ಲಬೇ. ಆದ್ರ ಬಿಡದಂಗ ಬಾರಸ್ಕೋತ ಬಂದವ್ರು ಅದಾರ" ಅಂದು ಕ್ರಿಪ್ಟೋಸ್ ಅನ್ನೋ ಬ್ಯಾಂಡಿನ ಕತಿ ಹೇಳಿದ.

1998ರಾಗ ಬೆಂಗಳೂರಾಗೇ ಶುರು ಆದ ಬ್ಯಾಂಡ್ ಅದು. ನೋಲನ್ ಲೂಯಿಸ್ ಅನ್ನೋರು ಹಾಡ್ತಾರ, ಗಿಟಾರೂ ಬಾರಸ್ತಾರ. ಜೋಡಿ ಗಿಟಾರ್ ರೋಹಿತ್ ಚತುರ್ವೇದಿ ಅನ್ನೋರ್ದು. ಮೊದಲ್ನೇ ಆಲ್ಬಮ್ 'ಸ್ಪೈರಲ್ ಅಸೆಂಟ್' ಬಂದದ್ದು 2004ರಾಗ. ಆರು ವರ್ಷ ನೋಡ್ರಿ, ಹುಟ್ಟಿದ ಕೂಸು ಸಾಲಿಗಿ ಹೋಗೋ ವಯಸ್ಸು! 2010ರಾಗ ಯುರೋಪ್ ತಿರುಗಿ ಬಂದ್ರು. 2016ರಾಗ 'ಬರ್ನ್ ಅಪ್ ದಿ ನೈಟ್' ಆಲ್ಬಮನ್ನ ಎಎಫ್ಎಂ ಅನ್ನೋ ಜರ್ಮನಿ ಕಂಪನಿ ಹೊರಗ ತಂತು. 2024ರಾಗ 'ಡೆಸಿಮೇಟರ್' ಬಂತು, ಅದು ಏಳನೇದು. ನಡುವ ಡ್ರಮ್ ಬಾರಿಸೋರು ಬದಲಾದ್ರು, ಬೇಸ್ ಬಾರಿಸೋರು ಬದಲಾದ್ರು, ಬ್ಯಾಂಡ್ ನಿಲ್ಲಲಿಲ್ಲ.

2013ರಾಗ ಅವ್ರು ಜರ್ಮನಿಯ ವಾಕನ್ ಅನ್ನೋ ಊರಾಗ ಬಾರಿಸಿದ್ರಂತ. ನಾನು ದೊಡ್ಡ ಪಟ್ನ ಇರಬೇಕು ಅನ್ಕೊಂಡೆ. ಅಲ್ಲ, ಎರಡು ಸಾವಿರ ಮಂದಿ ಇರೋ ಹಳ್ಳಿ, ನಮ್ಮೂರಿಗಿಂತ ಸಣ್ಣದು. ದನ ಮೇಯೋ ಹೊಲದಾಗ 1990ರಿಂದ ಈ ಹಾಡಿನ ಜಾತ್ರಿ ನಡಸ್ತಾರ. ಈಗ 70,000ಕ್ಕಿಂತ ಹೆಚ್ಚು ಮಂದಿ ಬರ್ತಾರ. ಊರಿನ ಬೆಂಕಿ ಆರಿಸೋ ದಳದವ್ರದ್ದೂ ಒಂದು ವಾಲಗದ ಮೇಳ ಅದ, ಅವ್ರೂ ಅಲ್ಲಿ ಬಾರಸ್ತಾರ. 2023ರಾಗ ಮಳಿ ಹೊಡದು ಹೊಲೆಲ್ಲ ರಾಡಿ ಆಗಿ, ಮಂದೀನ ಒಳಗ ಬಿಡೋದೇ ನಿಲ್ಲಿಸಿದ್ರಂತ. ನಮ್ಮ ಎರಿ ಹೊಲದ ರಾಡಿ ತುಳದವ್ರಿಗಿ ಅದನ್ನ ಬಿಡಿಸಿ ಹೇಳೋದು ಬ್ಯಾಡ.

ಇಂಥ ಬ್ಯಾಂಡಿನ ತಿರುಗಾಟ ಹೆಂಗಿರ್ತದ ಅಂತನೂ ಹೇಳಿದ. ವಿಸಾಕ್ಕ ಕಾಗದ ಕೂಡಸ್ಬೇಕು, ಟಿಕೆಟಿಗಿ ರೊಕ್ಕ ಕೂಡಸ್ಬೇಕು. ಡ್ರಮ್ಮು ವಿಮಾನದಾಗ ಒಯ್ಯಲಾಕ ಆಗಂಗಿಲ್ಲ, ಅಲ್ಲಿಂದೇ ಇಸಗೋಬೇಕು. ರಾತ್ರಿ ಬಾರಿಸಿ, ಸಾಮಾನು ಕಟ್ಟಿ, ವ್ಯಾನಿನ್ಯಾಗೇ ತೂಕಡಸ್ಕೋತ ಮುಂಜಾನಿಗಿ ಮತ್ತೊಂದು ಊರು. ಆಟ ಮುಗಿದ ಮ್ಯಾಲ ಬ್ಯಾಂಡಿನ ಹೆಸರು ಹಾಕಿದ ಅಂಗಿ ಮಾರ್ತಾರ, ಎಣ್ಣಿ ಖರ್ಚಿಗಿ ಅದೇ ರೊಕ್ಕ. ನಮ್ಮ ದೇಶದಾಗ ಇಂಥ ಹಾಡು ಬಾರಿಸೋರು ಬಹಳ ಮಂದಿ ಬ್ಯಾರೆ ನೌಕರಿ ಮಾಡ್ತಾರ, ರಜಾ ಉಳಿಸಿ ಉಳಿಸಿ ಇಟ್ಟು ಹೋಗ್ತಾರ.

ಕೇಳ್ತಾ ಕೇಳ್ತಾ ಅಪ್ಪನ ಕಂಪನಿನೇ ಕಣ್ಣ ಮುಂದ ಬಂತು. "ಅಲ್ಲಪ್ಪ, ಇವ್ರು ಊರೂರು ತಿರುಗಾಗ ಮನಿ ಯಾರು ನೋಡ್ತಾರ?" ಅಂದೆ. ಅವ ಥೋಡೆ ಹೊತ್ತು ಸುಮ್ಮನಿದ್ದ. ಆಮ್ಯಾಲ ಮೊಬೈಲ್ ತೆಗೆದು ತನ್ನ ತಿಂಗಳ ಲೆಕ್ಕ ಓದಿದ. ಖೋಲಿ ಬಾಡಿಗಿ, ನನಗ ಕಳಸೋದು, ತಂಗಿ ಫೀಸು. ಎಲ್ಲಾ ಆದ ಮ್ಯಾಲ ಕಡೇ ಸಾಲಿನ್ಯಾಗ ಬ್ಯಾಂಡಿನ ಪಾಲು. "ಅಜ್ಜ ಪೇಟಿ ಬಾರಿಸಿದ್ದು ತಪ್ಪಲ್ಲಬೇ. ಮನಿಗಿ ರೊಕ್ಕ ಕಳಸಲಿಲ್ಲ, ಅದು ತಪ್ಪು" ಅಂದ.

ನನಗ ಸಿಟ್ಟೂ ಬಂತು, ಅಳುನೂ ಬಂತು. ಅಪ್ಪನ ಬಗ್ಗಿ ಅಷ್ಟು ಸೀದಾ ಯಾರೂ ಅಂದಿರಲಿಲ್ಲ. ಆಗ ಒಂದು ನೆನಪಾಯ್ತು. ಅವ್ವ ತೀರಿಕೊಂಡ ಮ್ಯಾಲ ಅವಳ ಟ್ರಂಕ್ ತೆಗೆದಾಗ ಇಳಕಲ್ ಸೀರಿ ಕೆಳಗ ಆ ಪೇಟಿಯ ಗವಸಣಿ ಇತ್ತು. ಒಗೆದು, ಮಡಚಿ ಇಟ್ಟಿದ್ದಳು. ಪೇಟಿ ಮಾರಿ ಮೂವತ್ತು ವರ್ಷ ಆಗಿತ್ತು.

ಐತವಾರ ಅವ್ರು ಬಾರಿಸೋ ಜಾಗಕ್ಕ ಹೋದೆ. ನೆಲದ ಕೆಳಗ ಒಂದು ಖೋಲಿ, ತಾಸಿಗಿಷ್ಟು ಅಂತ ಬಾಡಿಗಿ. ಸಪ್ಪಳ ಹೊರಗ ಹೋಗಬಾರದಂತ ಗ್ವಾಡಿಗೆಲ್ಲ ಫೋಮ್ ಬಡದಾರ. ಕಿವ್ಯಾಗ ಹತ್ತಿ ಇಟ್ಕೊಂಡು ಕುಂತೆ. ಅವ್ರೇನು ಹಾಡಿದ್ರೋ ನನಗ ತಿಳೀಲಿಲ್ಲ. ಜಾತ್ರ್ಯಾಗ ಹಲಗಿ ಬಡದ್ರ ಎದಿಯಾಗ ದಡ್ ಅಂತದಲ್ಲ, ಹಂಗಿತ್ತು. ನನ್ನ ಮಗ ಕಣ್ಣು ಮುಚ್ಚಿಕೊಂಡಿದ್ದ. ಸಣ್ಣವಿದ್ದಾಗ ಉಂಡು ಮಲಗೋವಾಗ ಹಂಗಿರ್ತಿತ್ತು ಅವನ ಮುಖ.

ಹೊರಗ ಬರ್ತಾ ಕ್ರಿಪ್ಟೋಸ್ ಅಂದ್ರ ಏನಪ್ಪ ಅಂತ ಕೇಳಿದೆ. "ಗ್ರೀಕ್ ಮಾತು. ಮುಚ್ಚಿಟ್ಟದ್ದು ಅಂತ ಅರ್ಥ" ಅಂದು ನಕ್ಕ. ನನಗ ನಗು ಬರಲಿಲ್ಲ.

ಊರಿಗಿ ಬಂದ ಮ್ಯಾಲ ಸೇಡಂದವ್ರು ಫೋನ್ ಮಾಡಿದ್ರು. ಈ ಸಲ ಹುಡುಗಿ ತಾಯಿಗಿ ಸೀದಾ ಹೇಳಿದೆ, "ಅಕ್ಕೋರೆ, ನಮ್ಮ ಹುಡುಗ ಗಿಟಾರ್ ಬಾರಸ್ತಾನ. ವರ್ಷದಾಗ ಹತ್ತು ದಿನ ಊರೂರು ತಿರುಗ್ತಾನ. ಪಗಾರ ಮಾತ್ರ ತಪ್ಪದಂಗ ಮನಿಗಿ ಬರ್ತದ." ಆ ಕಡಿ ಭಾಳ ಹೊತ್ತು ಸುಮ್ಮನಾದ್ರು. ಆಮ್ಯಾಲ, "ಹುಡುಗಿನ್ನ ಕೇಳಿ ಹೇಳ್ತೀವ್ರಿ" ಅಂದ್ರು.

ಇನ್ನಾ ಫೋನ್ ಬಂದಿಲ್ಲ. ನಿಮ್ಮ ಮಗಳಿಗಿ ಇಂಥ ವರ ಬಂದ್ರ ನೀವಾದ್ರ ಏನಂತಿದ್ರಿ? ಖರೆ ಹೇಳ್ರಿ.