ಯಲಹಂಕದ ನಾಡಪ್ರಭುಗಳು

ದೂರದ ಕ್ಷೇತ್ರಗಳನ್ನು ಕಂಡು ಬರಬೇಕೆಂದು ಹಂಬಲಿಸುವ ನಾವು ಮನೆಯ ಬಾಗಿಲಿಗೆ ಹತ್ತಿರವಿರುವ ಸ್ಥಳವನ್ನು ಕಣ್ಣೆತ್ತಿ ನೋಡುವುದು ಅಪರೂಪ. ಬೆಂಗಳೂರಿನಲ್ಲಿ ಮೂವತ್ತು ವರುಷಗಳಿಂದ ಒಕ್ಕಲಾಗಿರುವ ನಾನು ಯಲಹಂಕವನ್ನು ಹಾದುಹೋದದ್ದು ನೂರಾರು ಸಲ. ಅಲ್ಲಿ ಇಳಿದು ಊರನ್ನು ನೋಡಿದುದು ಮಾತ್ರ ಮೊನ್ನೆ ಮೊನ್ನೆ. ಅದಕ್ಕೆ ಕಾರಣಳಾದವಳು ಎಂಟು ವಯಸ್ಸಿನ ನನ್ನ ಮೊಮ್ಮಗಳು. ಪಾಠದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, “ತಾತ, ಕೆಂಪೇಗೌಡರ ಮನೆ ಎಲ್ಲಿದೆ?” ಎಂದು ಆಕೆ ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಮೈಸೂರಿನ ಅರಸರ ಅರಮನೆಯನ್ನು ತೋರಿಸಬಲ್ಲೆ. ಬೆಂಗಳೂರನ್ನು ಕಟ್ಟಿದವನ ಮನೆಯನ್ನು ಅರಿಯೆ. ಆ ಭಾನುವಾರವೇ ಮನೆಯಾಕೆಯನ್ನೂ ಮಗುವನ್ನೂ ಕರೆದುಕೊಂಡು ಹೊರಟೆನು.

ಬಸ್ಸು ಹತ್ತಿದುದು ಮೆಜೆಸ್ಟಿಕ್ಕಿನಲ್ಲಿ. ಅದು ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಮೇಖ್ರಿ ವೃತ್ತದ ಬಳಿ ಇಳಿದು, ಉದ್ಯಾನದೊಳಗಿರುವ ಪುಟ್ಟ ಕಲ್ಲುಗೋಪುರವನ್ನು ನೋಡಿದೆವು. ಹದಿನಾರನೆಯ ಶತಮಾನದ ಕೊನೆಯಲ್ಲಿ ಇಮ್ಮಡಿ ಕೆಂಪೇಗೌಡನು ಎತ್ತಿಸಿದ ನಾಲ್ಕು ಗೋಪುರಗಳಲ್ಲಿ ಇದು ಉತ್ತರದ್ದು. ಉಳಿದ ಮೂರು ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ ಮತ್ತು ಹಲಸೂರಿನಲ್ಲಿರುವುವು. ನಗರವು ಈ ನಾಲ್ಕು ಎಲ್ಲೆಗಳೊಳಗೆ ಬೆಳೆಯಲೆಂಬ ಉದ್ದೇಶವಿತ್ತೆಂದು ಜನರ ಹೇಳಿಕೆ. ಈಗ ಗೋಪುರದ ಎದುರಿನಲ್ಲಿ ಹಗಲಿರುಳು ಹರಿಯುವ ವಾಹನಗಳನ್ನು ನೋಡಿದರೆ, ಎಲ್ಲೆಯೆಂಬುದು ಊರಿನ ನಡುವೆಯೇ ನಿಂತುಬಿಟ್ಟಂತೆ ತೋರುತ್ತದೆ.

ಮುಂದೆ ಹೆಬ್ಬಾಳ. ಇಲ್ಲಿ 2018ರಲ್ಲಿ ಒಂದು ವೀರಗಲ್ಲು ದೊರೆಯಿತು. ಗಂಗರ ಅರಸು ಶ್ರೀಪುರುಷನ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 750ರಲ್ಲಿ, ‘ಪೆರ್ಬೊಳಲ್ ನಾಡಿ’ನ ಮೇಲೆ ಶತ್ರುಗಳು ಏರಿ ಬಂದಾಗ ಕಾದಿ ಮಡಿದ ಕಿತ್ತಯ್ಯನೆಂಬುವನ ಕಲ್ಲು ಅದು. ಪೆರ್ಬೊಳಲೇ ಇಂದಿನ ಹೆಬ್ಬಾಳ. ನಾಡಪ್ರಭುಗಳು ಬರುವುದಕ್ಕೆ ಬಹಳ ಹಿಂದೆಯೇ ಈ ನೆಲದಲ್ಲಿ ನಾಡೆಂಬ ಆಡಳಿತವೂ, ಅದಕ್ಕಾಗಿ ಪ್ರಾಣಕೊಡುವವರೂ ಇದ್ದರೆಂಬುದು ಇದರಿಂದ ತಿಳಿದುಬರುವುದು.

ಯಲಹಂಕದ ಹಳೆಯ ಊರನ್ನು ಸೇರಿದಾಗ ಹತ್ತು ಗಂಟೆ. ಚೋಳರ ಕಾಲದಲ್ಲಿ ಇದಕ್ಕೆ ಇಲೈಪಾಕ್ಕವೆಂಬ ಹೆಸರಿದ್ದಿತು. ಪ್ರಭುಗಳ ಮೂಲಪುರುಷನು ರಣಭೈರೇಗೌಡನೆಂದು ಪ್ರತೀತಿ. ಮಗಳ ಮಾನವನ್ನು ಕಾಯುವುದಕ್ಕಾಗಿ ಕಂಚಿಯ ಕಡೆಯಿಂದ ಏಳು ಮಂದಿ ಸೋದರರು ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟು, ದೇವನಹಳ್ಳಿಯ ಹತ್ತಿರದ ಬೆಟ್ಟದ ತಪ್ಪಲಿಗೆ ಬಂದು, ಆವತಿಯೆಂಬ ಊರನ್ನು ಕಟ್ಟಿ ಬೇಸಾಯಕ್ಕೆ ನಿಂತರಂತೆ. ಆ ಒಂದು ಬೇರಿನಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ ಮೊದಲಾದ ಪ್ರಭುಮನೆಗಳು ಕವಲೊಡೆದುವು. ರಣಭೈರೇಗೌಡನ ವಂಶದ ಜಯಗೌಡನು ಹದಿನೈದನೆಯ ಶತಮಾನದ ಆದಿಭಾಗದಲ್ಲಿ ವಿಜಯನಗರದ ಅರಸರಿಗೆ ಅಧೀನನಾಗಿ ಯಲಹಂಕದಲ್ಲಿ ನೆಲೆಯೂರಿದನು.

ಇಂತಹ ಸಣ್ಣ ಪ್ರಭುತ್ವಗಳು ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ಜರ್ಮನಿಯಲ್ಲಿಯೂ ಹಿಂದೆ ಒಬ್ಬ ಚಕ್ರವರ್ತಿಯ ನೆರಳಿನಲ್ಲಿ ನೂರಾರು ಪುಟ್ಟ ಸಂಸ್ಥಾನಗಳಿದ್ದುವು. ಅವುಗಳಲ್ಲಿ ಕೆಲವು ನಮ್ಮ ಒಂದು ತಾಲ್ಲೂಕಿನಷ್ಟೂ ಇರಲಿಲ್ಲ. 1806ರಲ್ಲಿ ಆ ಸಾಮ್ರಾಜ್ಯವು ಅಳಿಯಿತು. ಉಳಿದಿದ್ದ ಜರ್ಮನಿಯ ದೊರೆಗಳೂ 1918ರಲ್ಲಿ ಗದ್ದುಗೆಯಿಂದ ಇಳಿದರು. 1719ರಲ್ಲಿ ಸಂಸ್ಥಾನದ ಪದವಿ ಪಡೆದ ಲೀಕ್ಟೆನ್‌ಸ್ಟೈನ್ ಒಂದು ಮಾತ್ರ ಇಂದಿಗೂ ತನ್ನ ರಾಜಮನೆತನದೊಡನೆ ಬಾಳುತ್ತಿದೆ. ದೊಡ್ಡವರ ಮನಸ್ಸನ್ನು ಕಾಯ್ದುಕೊಂಡು, ನೆರೆಯವರ ಕಣ್ಣನ್ನು ತಪ್ಪಿಸಿಕೊಂಡು ಬದುಕುವುದೇ ಸಣ್ಣ ಪ್ರಭುಗಳ ರಾಜನೀತಿ. ಯಲಹಂಕದವರ ಕಥೆಯೂ ಅದೇ.

ಈ ಮನೆತನದ ಕೀರ್ತಿಪುರುಷನು ಹಿರಿಯ ಕೆಂಪೇಗೌಡನು. 1513ರಲ್ಲಿ ಪಟ್ಟಕ್ಕೆ ಬಂದನೆಂದು ಹೇಳುವರು. ಅಚ್ಯುತದೇವರಾಯನ ಅನುಮತಿಯನ್ನು ಪಡೆದು 1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದನು. ಶುಭಮುಹೂರ್ತದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲುಗಳನ್ನು ಹೂಡಿಸಿ, ಸಾಲು ಮೂಡಿದ ಕಡೆ ಬೀದಿಗಳನ್ನು ಮಾಡಿಸಿದನೆಂಬ ಕಥೆಯು ಎಲ್ಲರ ಬಾಯಲ್ಲಿಯೂ ಇದೆ. ಅರಳೆಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಒಂದೊಂದು ಕಸುಬಿಗೆ ಒಂದೊಂದು ನೆಲೆಯಿದ್ದುದನ್ನು ಸಾರುತ್ತವೆ.

ಏಳಿಗೆಯು ಅಸೂಯೆಯನ್ನೂ ತಂದಿತು. ಒಡೆಯರ ಅಪ್ಪಣೆಯಿಲ್ಲದೆ ನಾಣ್ಯವನ್ನು ಟಂಕಿಸಿದನೆಂಬ ದೂರು ವಿಜಯನಗರಕ್ಕೆ ಮುಟ್ಟಿತು. ನಾಣ್ಯವೆಂಬುದು ಸಾರ್ವಭೌಮನ ಗುರುತು. ಅದನ್ನು ಸಾಮಂತನು ಮುಟ್ಟಿದರೆ ದ್ರೋಹವೆಂದೇ ಎಣಿಕೆ. ಕೆಂಪೇಗೌಡನನ್ನು ಆನೆಗೊಂದಿಯ ಸೆರೆಯಲ್ಲಿ ಐದು ವರುಷ ಇರಿಸಿ, ಅವನ ಸೀಮೆಯನ್ನು ಚನ್ನಪಟ್ಟಣದ ಜಗದೇವರಾಯನಿಗೆ ಕೊಟ್ಟರಂತೆ. ಬಿಡುಗಡೆ ಹೊಂದಿ ಬಂದ ಪ್ರಭುವಿಗೆ ಕಳೆದುಹೋದ ಸೀಮೆಯು ಮರಳಿ ದೊರೆಯಿತು. ಅವನು ಹಳೆಯ ಕೆಲಸವನ್ನೇ ಕೈಗೆತ್ತಿಕೊಂಡನು.

ಇಷ್ಟು ಹೇಳುವಷ್ಟರಲ್ಲಿ ನನ್ನ ಮನೆಯಾಕೆ, “ಗಂಡಸರ ಕಥೆಯನ್ನೇ ಹೇಳುತ್ತೀರಲ್ಲ, ಲಕ್ಷ್ಮಮ್ಮನ ಮಾತನ್ನೂ ಹೇಳಿ” ಎಂದಳು. ಕೋಟೆಯ ಹೆಬ್ಬಾಗಿಲು ಕಟ್ಟಿದಷ್ಟೂ ಬೀಳುತ್ತಿರಲು, ಗರ್ಭಿಣಿಯ ಬಲಿ ಬೇಕೆಂದು ನುಡಿದರಂತೆ. ಮಾವನು ಒಪ್ಪಲಿಲ್ಲ. ಸೊಸೆ ಲಕ್ಷ್ಮಮ್ಮನು ಯಾರಿಗೂ ತಿಳಿಸದೆ ನಡುರಾತ್ರಿ ಎದ್ದು ಹೋಗಿ ತನ್ನನ್ನೇ ಅರ್ಪಿಸಿಕೊಂಡಳೆಂದು ಕಥೆ. ಕೋರಮಂಗಲದಲ್ಲಿ ಆಕೆಯ ಸಮಾಧಿಯಿದೆ. ಕಥೆ ನಿಜವೋ ಅಲ್ಲವೋ, ಊರು ಕಟ್ಟುವಾಗ ಮನೆಯೊಳಗಿನವರು ತೆತ್ತ ಬೆಲೆಯನ್ನು ಜನರು ಮರೆಯಲಿಲ್ಲವೆಂಬುದಂತೂ ನಿಜ. ಮೊಮ್ಮಗಳು ಅಜ್ಜಿಯ ಸೆರಗನ್ನು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದಳು.

ಹಿರಿಯ ಕೆಂಪೇಗೌಡನು 1569ರಲ್ಲಿ ತೀರಿಕೊಂಡನೆಂದು ಹೇಳುವರು. ಮಾಗಡಿ ಸೀಮೆಯ ಕೆಂಪಾಪುರದಲ್ಲಿ ಅವನ ಸಮಾಧಿಯೆಂದು ಗುರುತಿಸಲಾದ ಮಂಟಪವು ಜನರ ಗಮನಕ್ಕೆ ಬಂದುದು 2015ರಲ್ಲಿ. ನಗರಕ್ಕೆ ನಗರವೇ ಹೆಸರು ಹೇಳುತ್ತಿದ್ದವನ ಸಮಾಧಿಯು ಅಷ್ಟು ಕಾಲ ಪೊದೆಗಳ ನಡುವೆ ಮರೆತುಹೋಗಿದ್ದಿತು! 1565ರಲ್ಲಿ ವಿಜಯನಗರವು ಬಿದ್ದ ಮೇಲೆ ಪ್ರಭುಗಳಿಗೆ ಕಾಪಾಡುವ ಒಡೆಯರೂ ಕುಂದಿದರು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಶಹಾಜಿಯೊಡನೆ ಬಂದು ಬೆಂಗಳೂರನ್ನು ಹಿಡಿದನು. ಪ್ರಭುಗಳು ಮಾಗಡಿಗೆ ಸರಿದು ಅಲ್ಲಿ ಮತ್ತೆ ತೊಂಬತ್ತು ವರುಷ ಆಳಿದರು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದುಕೊಳ್ಳಲು, ಕೊನೆಯ ಕೆಂಪೇಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣು ಮುಚ್ಚಿದನು. ಅಲ್ಲಿಗೆ ಮುನ್ನೂರು ವರುಷದ ಪ್ರಭುತ್ವವು ಮುಗಿಯಿತು.

ಹಳೆಯ ಊರಿನ ಬೀದಿಗಳನ್ನು ಸುತ್ತಿದೆವು. ಅರಮನೆಯೊಂದೂ ನಮಗೆ ಕಾಣಸಿಗಲಿಲ್ಲ. ಬಿಸಿಲೇರುತ್ತಿರಲು ಕೆರೆಯ ಏರಿಗೆ ಬಂದು, ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಬಿಚ್ಚಿದೆವು. ನದಿಯಿಲ್ಲದ ಈ ಸೀಮೆಯಲ್ಲಿ ಮಳೆಯ ನೀರನ್ನು ಏರಿ ಕಟ್ಟಿ ನಿಲ್ಲಿಸುವುದು, ತೂಬಿನಿಂದ ಗದ್ದೆಗೆ ಬಿಡುವುದು, ಮಿಕ್ಕುದನ್ನು ಕೋಡಿಯಿಂದ ಕೆಳಗಿನ ಕೆರೆಗೆ ಹರಿಸುವುದು ಹಿಂದಿನವರ ಕ್ರಮ. ಯಲಹಂಕದ ನೀರು ಜಕ್ಕೂರಿನ ಕೆರೆಗೂ, ಅಲ್ಲಿಂದ ರಾಚೇನಹಳ್ಳಿಯ ಕೆರೆಗೂ ಇಳಿಯುವುದು. ಒಂದು ಕೆರೆಯನ್ನು ಮುಚ್ಚಿದರೆ ಸರಪಣಿಯ ಒಂದು ಕೊಂಡಿಯನ್ನು ಕಿತ್ತಂತೆ. ದೂರದಲ್ಲಿ ಕೊಕ್ಕರೆಗಳು ನೀರಿನಲ್ಲಿ ನಿಂತಿದ್ದುವು.

“ಮಗು, ನೀನು ಕೇಳಿದ ಮನೆ ಬಿದ್ದುಹೋಗಿದೆ. ಅವರು ಬಿಟ್ಟುಹೋದ ಆಸ್ತಿಯೆಂದರೆ ಇಂತಹ ಕೆರೆಗಳೇ. ಬೆಳಿಗ್ಗೆ ನಾವು ಬಸ್ಸು ಹತ್ತಿದೆವಲ್ಲ, ಅದೂ ಅವರ ಕಾಲದ ಕೆರೆಯೇ” ಎಂದೆನು.

ಆಕೆಯು ಸ್ವಲ್ಪ ಯೋಚಿಸಿ, “ಹಾಗಾದರೆ ಅದನ್ನು ಯಾವ ಶತ್ರುಗಳು ಮುಚ್ಚಿದರು ತಾತ?” ಎಂದಳು.

ರಣದುಲ್ಲಾಖಾನನ ಹೆಸರನ್ನಾಗಲಿ ದಳವಾಯಿಯ ಹೆಸರನ್ನಾಗಲಿ ಹೇಳುವಂತಿರಲಿಲ್ಲ. “ಶತ್ರುಗಳಲ್ಲಮ್ಮ, ನಾವೇ” ಎಂದೆನು. ಮನೆಯಾಕೆಯು ಬುತ್ತಿಯ ಡಬ್ಬಿಯನ್ನು ತೊಳೆಯಲು ನೀರಿನ ಬಳಿಗೆ ಹೋದವಳು, ಏನನ್ನೋ ನೆನೆದುಕೊಂಡು ತೊಳೆಯದೆಯೇ ಹಿಂದಿರುಗಿದಳು. ಎಂಜಲನ್ನು ಮನೆಯವರೆಗೂ ಹೊತ್ತು ತಂದೆವು.