ಮಲ್ಲಯ್ಯನ ದಾರಿಯಲ್ಲಿ ಉಂಡವರು, ಬಡಿಸಿದವರು

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ನಸುಕಿನಲ್ಲೇ ಶುರುವಾಗುತ್ತದೆ. ಓಣಿಯ ಹೆಂಗಸರು ಒಂದೇ ಮನೆಯ ಪಡಸಾಲೆಯಲ್ಲಿ ಸೇರುತ್ತಾರೆ. ಒಬ್ಬರು ಹಿಟ್ಟು ನಾದಿದರೆ ಇನ್ನೊಬ್ಬರು ಬಡಿಯುತ್ತಾರೆ, ಮತ್ತೊಬ್ಬರು ಒಲೆಯ ಮುಂದೆ ಕುಳಿತು ಕಟಕ್ ಎನ್ನುವ ತನಕ ಸುಡುತ್ತಾರೆ. ಬುಟ್ಟಿಗೆ ಬಟ್ಟೆ ಹಾಸಿ ಖಡಕ್ ರೊಟ್ಟಿಯನ್ನು ಆಳೆತ್ತರ ಒಟ್ಟುತ್ತಾರೆ. ಇದನ್ನು ಉಣ್ಣುವವರು ಯಾರು, ಯಾವ ಊರಿನವರು, ಯಾವ ಹೊತ್ತಿಗೆ ಬರುತ್ತಾರೆ ಎಂಬುದು ಬಡಿಯುವ ಕೈಗಳಿಗೆ ಗೊತ್ತಿಲ್ಲ. ಶ್ರೀಶೈಲಕ್ಕೆ ನಡೆದು ಹೋಗುವವರು ಎಂಬುದಷ್ಟೇ ಗೊತ್ತು.

ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಉತ್ತರ ಕರ್ನಾಟಕದಿಂದ ಪ್ರತಿ ವರ್ಷ ಲಕ್ಷಾಂತರ ಮಂದಿ ಹೊರಡುತ್ತಾರೆ. ಅವರಲ್ಲಿ ದೊಡ್ಡ ಪಾಲು ಕಾಲ್ನಡಿಗೆಯವರದು. ಹೆಗಲ ಮೇಲೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಕಂಬಿ ಹೊತ್ತವರಿದ್ದಾರೆ, ಮರಗಾಲು ಕಟ್ಟಿಕೊಂಡೇ ನಡೆಯುವವರಿದ್ದಾರೆ. ಮಲ್ಲಿಕಾರ್ಜುನನ ಮಗ್ಗುಲಲ್ಲಿರುವ ಭ್ರಮರಾಂಬೆ ಈ ಕಡೆಯವರಿಗೆ ಮನೆಮಗಳು. ಹಬ್ಬಕ್ಕೆ ಮಗಳನ್ನು ನೋಡಲು ತವರಿನವರು ಬರಿಗೈಯಲ್ಲಿ ಹೋಗುವುದುಂಟೆ? ಸೀರೆ, ಕುಬಸ, ಅರಿಸಿನ, ಕುಂಕುಮ ಗಂಟಿನಲ್ಲಿ ಇರಲೇಬೇಕು. 2025ರ ಮಾರ್ಚಿನಲ್ಲಿ ನಾನು ಸೇರಿಕೊಂಡದ್ದು ಇಳಕಲ್ಲಿನಿಂದ ಹೊರಟ ಒಂದು ಗುಂಪನ್ನು. ನೇಕಾರರ ಮನೆಯ ಹೆಂಗಸರಿದ್ದ ಗುಂಪು ಅದು. ದೇವಿಯ ಸೀರೆ ಅವರದೇ ಮಗ್ಗದ್ದು.

ನಡಿಗೆ ನಸುಕಿನ ನಾಲ್ಕಕ್ಕೇ ಶುರು. ಬಿಸಿಲೇರುವ ಮೊದಲು ಎಷ್ಟು ದೂರ ಸಾಗಿತೋ ಅಷ್ಟು ಗಳಿಕೆ. ಆಮೇಲೆ ಬೇವಿನ ಮರವೋ ಗುಡಿಯ ಕಟ್ಟೆಯೋ ಸಿಕ್ಕಲ್ಲಿ ಅಡ್ಡಾಗಿ, ಸಂಜೆಗೆ ಮತ್ತೆ ಹೆಜ್ಜೆ. ಈ ಲೆಕ್ಕ ದಾರಿಯಲ್ಲಿ ಬಡಿಸುವವರಿಗೂ ಚೆನ್ನಾಗಿ ಗೊತ್ತು. ನಸುಕಿಗೆ ಚಹಾ, ಎಂಟಕ್ಕೆ ಉಪ್ಪಿಟ್ಟು ಇಲ್ಲವೇ ಒಗ್ಗರಣಿ, ಹತ್ತರ ಮೇಲೆ ಮಜ್ಜಿಗೆ, ಕಲ್ಲಂಗಡಿ, ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಗೋಧಿ ಹುಗ್ಗಿ. ಯಾವುದು ಎಲ್ಲಿ ಸಿಗಬೇಕೋ ಅಲ್ಲೇ ಸಿಗುತ್ತದೆ. ಹೆದ್ದಾರಿಯ ಅಂಚಿನಲ್ಲಿ ಶಾಮಿಯಾನ, ಅದರ ಮಗ್ಗುಲಲ್ಲಿ ನೀರಿನ ಟ್ಯಾಂಕರ್, ಹಿಂದೆ ಒಲೆಯ ಮೇಲೆ ಕೊಪ್ಪರಿಗೆ. ರಸ್ತೆಗೆ ಅಡ್ಡ ನಿಂತ ಹುಡುಗರು ಕೈ ಹಿಡಿದೇ ಕರೆಯುತ್ತಾರೆ: “ಬರ್ರಿ ಯಪ್ಪಾ, ಉಂಡು ಹೋಗ್ರಿ. ಯಕ್ಕಾ, ಕುಂದರ್ರಿ, ನೀರ ಕುಡೀರಿ.”

ಮೊದಲೆರಡು ಕಡೆ ಉಂಡ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. “ಯಾವೂರು?” ಎಂಬ ಪ್ರಶ್ನೆ ಕೈ ತೊಳೆದ ನಂತರವೇ ಬರುತ್ತಿತ್ತು. ಅದಕ್ಕಿಂತ ಮುಂದೆ ಹೋಗಿ ಯಾರ ಪೈಕಿ, ಯಾವ ಮಂದಿ ಎಂದು ಕೇಳಿದ್ದನ್ನು ನಾನಂತೂ ಕೇಳಲಿಲ್ಲ. ನಮ್ಮ ಕಡೆ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕು ಎಂಬುದು ಇವತ್ತಿಗೂ ತೀರದ ಸಂಗತಿ. ಎಂಟುನೂರು ವರ್ಷಗಳಿಗೂ ಹಿಂದೆ ಶರಣರು ದಾಸೋಹದ ಮೂಲಕ ಜಗಳವಾಡಿದ್ದೂ ಈ ಭೇದದ ವಿರುದ್ಧವೇ. ಊರೊಳಗೆ ಸುಲಭಕ್ಕೆ ಆಗದ್ದು ಊರ ಹೊರಗಿನ ಡಾಂಬರು ರಸ್ತೆಯಲ್ಲಿ, ಈ ಕೆಲವು ದಿನಗಳ ಮಟ್ಟಿಗೆ, ಸಲೀಸಾಗಿ ನಡೆದುಹೋಗುತ್ತದೆ. ಕೆಲವು ದಿನಗಳ ಮಟ್ಟಿಗೆ ಎಂಬುದು ನೋಯಿಸುವ ಮಾತೇ. ಆದರೂ ನಡೆಯುತ್ತದೆ ಎಂಬುದು ಸಣ್ಣದಲ್ಲ.

ಮುದಗಲ್ಲು ಮೊಹರಂಗೆ ಹೆಸರಾದ ಊರು. ಅಲ್ಲಿ ಆಲಂಬದ ಮುಂದೆ ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊರುತ್ತಾರೆ. ನಾವು ನಡೆದ ಆ ವರ್ಷ ಯುಗಾದಿ ಮಾರ್ಚ್ 30ಕ್ಕೆ, ಅದರ ಮರುದಿನವೇ ರಂಜಾನ್ ಹಬ್ಬ. ಹಾಗಾಗಿ ಪಾದಯಾತ್ರೆಯ ದಿನಗಳೆಲ್ಲ ರೋಜಾದ ದಿನಗಳೂ ಆಗಿದ್ದವು. ಊರಿನಾಚೆ ಶರಬತ್ತು ಹಂಚುತ್ತಿದ್ದ ಹುಡುಗರಲ್ಲಿ ಹೆಚ್ಚಿನವರು ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ಐಸು ಒಡೆಯುವುದು, ಸಕ್ಕರೆ ಕದಡುವುದು, ನಿಂಬೆ ಹಿಂಡುವುದು, ಲೋಟ ತುಂಬಿ ಕೊಡುವುದು, ಎಲ್ಲವೂ ಅವರ ಕೈಯಿಂದಲೇ. ನಮ್ಮ ಗುಂಪಿನ ಹಿರಿಯಜ್ಜಿಗೆ ಇದು ತಿಳಿದಾಗ ಲೋಟ ಬಾಯಿಗೆ ಒಯ್ಯಲಾಗದೆ ನಿಂತುಬಿಟ್ಟಳು. “ನೀವು ಕುಡೀದ ನಮಗ ಹ್ಯಾಂಗ ಕುಡಸ್ತೀರೋ ಯಪ್ಪಾ?” ಎಂದಳು. ಮೀಸೆ ಈಗಷ್ಟೇ ಚಿಗುರುತ್ತಿದ್ದ ಹುಡುಗ ಅವಳ ಲೋಟಕ್ಕೆ ಇನ್ನಷ್ಟು ಸುರಿಯುತ್ತ, “ನೀವ ಕುಡದ್ರ ನಮ್ಮ ರೋಜಾಕ್ಕ ಬರಕತ್ತ ಬರ್ತದವ್ವ, ಕುಡಿ” ಎಂದ. ಅಜ್ಜಿ ಕುಡಿದಳು. ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡಲು ಹೋದಳು, ಅವನು ತೆಗೆದುಕೊಳ್ಳಲಿಲ್ಲ. ಕೊನೆಗೆ ಚೀಲದಿಂದ ನಾಲ್ಕು ಶೇಂಗಾ ಹೋಳಿಗೆ ತೆಗೆದು, ಹೊತ್ತು ಮುಳುಗಿದ ಮೇಲೆ ತಿನ್ನಿ ಎಂದು ಅವನ ಕೈಗೆ ತುರುಕಿಯೇ ಮುಂದೆ ನಡೆದಳು.

ಲಿಂಗಸುಗೂರು, ಕವಿತಾಳ ದಾಟಿ ಸಿರವಾರದ ಹಾದಿ ಹಿಡಿಯುವಷ್ಟರಲ್ಲಿ ಕಾಲುಗಳು ಮಾತಾಡಲು ಶುರುಮಾಡಿದ್ದವು. ರಾಯಚೂರು ಸೀಮೆಯಲ್ಲಿ ಮಾರ್ಚ್ ಕೊನೆಗೆ ಬಿಸಿಲು 40 ಡಿಗ್ರಿಯ ಹತ್ತಿರ ಸುಳಿಯುತ್ತದೆ. ಡಾಂಬರಿನ ಕಾವು ಬೇರೆ. ಹಿಮ್ಮಡಿಯಲ್ಲಿ, ಬೆರಳ ಸಂದಿನಲ್ಲಿ ಗುಳ್ಳೆ ಏಳದವರೇ ಇಲ್ಲ. ಆದ್ದರಿಂದ ಈ ದಾರಿಯ ಮುಖ್ಯ ಸೇವೆ ಊಟದ್ದಲ್ಲ, ಕಾಲಿನದು ಎನ್ನುವವರೂ ಇದ್ದಾರೆ. ಒಂದು ಗುಡಿಯ ಆವರಣದಲ್ಲಿ ಸಾಲಾಗಿ ಬೋಗುಣಿಗಳಲ್ಲಿ ಬಿಸಿನೀರು, ಅದಕ್ಕೆ ಒಂದು ಹಿಡಿ ಉಪ್ಪು. ಕಾಲು ಇಳಿಬಿಟ್ಟು ಕೂತರೆ ನಡಿಗೆಯ ದಣಿವು ನೀರಿಗೆ ಇಳಿಯುತ್ತದೆ. ಆಮೇಲೆ ಎಣ್ಣೆ.

ಎಣ್ಣೆ ತಿಕ್ಕುತ್ತಿದ್ದವರಲ್ಲಿ ಒಬ್ಬರು ಅರವತ್ತು ದಾಟಿದ ರೈತರು. ಹತ್ತಿಯ ಹೊಲದಲ್ಲಿ ದುಡಿದು ಒರಟಾದ ಅಂಗೈ. ಹಿರಿಯರ ಕೈಗೆ ಕಾಲು ಕೊಡುವುದೆಂದರೆ ನಮ್ಮಲ್ಲಿ ಯಾರಿಗಾದರೂ ಜೀವ ಹಿಂಜರಿಯುತ್ತದೆ. ಪಕ್ಕದ ಹುಡುಗ ಕಾಲು ಹಿಂದಕ್ಕೆಳೆದುಕೊಂಡ. ಅವರು ಬಿಡಲಿಲ್ಲ. “ಕೊಡಪ್ಪಾ ಕಾಲು. ಊರಾಗಿದ್ದಾಗ ಅದು ನಿನ್ನ ಕಾಲು. ಈಗ ಮಲ್ಲಯ್ಯನ ಕಡೆ ಹೊಂಟೈತಿ” ಎಂದರು. ಮೊದಲು ಮೀನಖಂಡ, ಆಮೇಲೆ ಪಾದದ ಕಮಾನು, ಕೊನೆಗೆ ಒಂದೊಂದೇ ಬೆರಳು. ಅವರು ಆತುರಪಡಲಿಲ್ಲ, ಸಾಲು ಬೆಳೆಯುತ್ತಲೇ ಇದ್ದರೂ. ಹಿಂದೆ ಅವರೂ ಈ ದಾರಿ ನಡೆದವರು. ಮಂಡಿ ಸೋತ ಮೇಲೆ ಹೋಗಲಾಗುತ್ತಿಲ್ಲ. ಹೋಗುವವರ ಕಾಲಿಗೆ ಎಣ್ಣೆ ಹಚ್ಚಿದರೆ ಅಷ್ಟು ದೂರ ತಾವೂ ಹೋದಂತೆ ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ.

ಅಲ್ಲೇ ಮೂಲೆಯಲ್ಲಿ ಗುಳ್ಳೆಯ ಬಗ್ಗೆ ಚರ್ಚೆ ನಡೆದಿತ್ತು. ಸೂಜಿಗೆ ದಾರ ಪೋಣಿಸಿ ಗುಳ್ಳೆಯ ಆಚೀಚೆ ಹಾಯಿಸಿ, ದಾರವನ್ನು ಹಾಗೇ ಬಿಟ್ಟು ನೀರು ಇಳಿಸುವುದು ಹಳಬರ ಪದ್ಧತಿ. ರಜೆ ಹಾಕಿ ಬಂದಿದ್ದ ನರ್ಸೊಬ್ಬಳು ಇದನ್ನು ಕಂಡಕಂಡಲ್ಲಿ ತಡೆಯುತ್ತಿದ್ದಳು. ಮೇಲಿನ ಚರ್ಮವೇ ಗುಳ್ಳೆಗೆ ಒಳ್ಳೆಯ ಪಟ್ಟಿ, ಅದು ಹರಿದರೆ ರಸ್ತೆಯ ಧೂಳೆಲ್ಲ ಗಾಯಕ್ಕೆ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ, ತೊಳೆದು, ಹತ್ತಿ ಬಟ್ಟೆ ಸುತ್ತಿ, ಓಆರ್‌ಎಸ್ ಪೊಟ್ಟಣ ಕೈಗಿಟ್ಟು ಕಳಿಸುತ್ತಿದ್ದಳು. ಸಕ್ಕರೆ ಕಾಯಿಲೆ ಇದೆ ಎಂದವರ ಪಾದವನ್ನು ಮಾತ್ರ ಟಾರ್ಚು ಬಿಟ್ಟು ಮತ್ತೊಮ್ಮೆ ನೋಡುತ್ತಿದ್ದಳು. ಅಂಥವರಿಗೆ ಗಾಯವಾದರೂ ನೋವು ಗೊತ್ತಾಗದೆ ಇರಬಹುದು, ಅದೇ ಅಪಾಯ.

ಕರುಣೆ ಎಂದರೆ ಮನಸ್ಸು ಕರಗಿದ ಗಳಿಗೆಯಲ್ಲಿ ಹುಟ್ಟುವುದು ಎಂದುಕೊಳ್ಳುತ್ತೇವೆ. ಈ ದಾರಿಯಲ್ಲಿ ಕಂಡದ್ದರ ಬಹುಪಾಲು ತಿಂಗಳ ಮೊದಲೇ ಕುಳಿತು ಮಾಡಿದ ಕೆಲಸ. ಪಟ್ಟಿ ಎತ್ತಬೇಕು. ಯಾರು ಜೋಳ, ಯಾರು ಬೆಲ್ಲ, ಯಾರು ಸಿಲಿಂಡರ್ ಎಂದು ಬರೆಯಬೇಕು. ಟ್ಯಾಂಕರ್ ಯಾರದು, ಬೋರಿನ ಕರೆಂಟು ಯಾವ ಹೊತ್ತಿಗೆ, ರಾತ್ರಿ ಪಾಳಿ ಯಾರದು, ಎಲ್ಲವೂ ಮೊದಲೇ ಗೊತ್ತಿರಬೇಕು. ಈ ನಾಡಿನ ಹಳೆಯ ಶಾಸನಗಳಲ್ಲೂ ಅರವಟ್ಟಿಗೆಗೆ, ಸತ್ರಕ್ಕೆ ಭೂಮಿ ಬಿಟ್ಟ ದಾಖಲೆಗಳಿವೆ. ದಾರಿಹೋಕನ ಬಾಯಾರಿಕೆಗೆ ಒಂದು ಖಾಯಂ ವ್ಯವಸ್ಥೆ ಬೇಕೆಂದು ಆಗಲೇ ಯೋಚಿಸಿದ್ದರು.

ಇದೇ ದಾರಿಯಲ್ಲಿ ಯಾತ್ರಿಕರ ಕಾವಿ ಶಾಲಿಲ್ಲದೆ ನಡೆಯುವವರೂ ಇದ್ದಾರೆ ಎಂಬುದು ತಲೆಯಿಂದ ಹೋಗಲಿಲ್ಲ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗುವವರು. 2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಕೊರೊನಾ ಲಾಕ್‌ಡೌನಿನಿಂದ ದೇಶಕ್ಕೆಲ್ಲ ಬೀಗ ಬಿದ್ದ ಮೊದಲ ದಿನವೂ ಅದೇ. ಶ್ರೀಶೈಲದಲ್ಲಿ ಭಕ್ತರಿಗೆ ಪ್ರವೇಶ ನಿಂತಿತ್ತು. ಆಮೇಲಿನ ವಾರಗಳಲ್ಲಿ ಹೆದ್ದಾರಿಗಳ ಮೇಲೆ ನಡೆದವರು ಕೂಲಿಕಾರರು, ಮಕ್ಕಳನ್ನು ಹೆಗಲಿಗೇರಿಸಿಕೊಂಡು, ಊರಿನ ಕಡೆಗೆ. ಹುಗ್ಗಿ ಬಡಿಸುತ್ತಿದ್ದ ಒಬ್ಬ ಅಕ್ಕನನ್ನು ಆ ದಿನಗಳ ಬಗ್ಗೆ ಕೇಳಿದೆ. ಅವಳು ಸೌಟು ಕೆಳಗಿಟ್ಟಳು. “ಯಾತ್ರಿಗಂತ ಬಡದ ರೊಟ್ಟಿ ಮನ್ಯಾಗ ಹಂಗ ಇದ್ದವು. ಅವರಿಗೆ ಕೊಟ್ವಿ. ಖರೇ ಹೇಳ್ಬೇಕಂದ್ರ ಕೆಲವರು ಹೆದರಿ ಬಾಗಲಾನೂ ಹಾಕ್ಕೊಂಡ್ರು” ಎಂದಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಅವಳ ಪ್ರಾಮಾಣಿಕತೆಗೆ ನಾನು ಋಣಿ. ಹಸಿದು ನಡೆಯುವವನಿಗೆ ಹಬ್ಬದ ತಿಥಿ ನೋಡದೆ ರೊಟ್ಟಿ ಸಿಗಬೇಕು. ಆ ವ್ಯವಸ್ಥೆಯನ್ನು ನಾವಿನ್ನೂ ಕಟ್ಟಿಲ್ಲ.

ತುಂಗಭದ್ರೆಯನ್ನು ದಾಟಿದರೆ ಆಂಧ್ರ. ಬೇಸಿಗೆಯ ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಮಂತ್ರಾಲಯದಲ್ಲಿ ಊಟ, ಎಮ್ಮಿಗನೂರಿನಲ್ಲಿ ನಿದ್ದೆ, ಕರ್ನೂಲಿನಲ್ಲಿ ಟ್ರಾಫಿಕ್ಕು. ಭಾಷೆ ಬದಲಾಯಿತು, ಮಜ್ಜಿಗೆಯ ರುಚಿ ಬದಲಾಗಲಿಲ್ಲ. “ಸ್ವಾಮೀ, ಮಜ್ಜಿಗ ತಾಗಂಡಿ” ಎನ್ನುತ್ತ ತಂಬಿಗೆ ಹಿಡಿದು ಓಡಿ ಬರುವ ಹೆಣ್ಣುಮಕ್ಕಳು, ಅಂಗಡಿಯ ಮುಂದಿನ ನೆರಳನ್ನು ಇಡೀ ಮಧ್ಯಾಹ್ನ ಬಿಟ್ಟುಕೊಟ್ಟ ವರ್ತಕರು. ನಂದಿಕೊಟ್ಕೂರಿನ ಹತ್ತಿರ ಒಂದು ಮನೆಯವರು ಹೆಂಗಸರೆಲ್ಲರಿಗೂ ಬಚ್ಚಲಮನೆ ಬಿಟ್ಟುಕೊಟ್ಟು, ಬಾಗಿಲಲ್ಲಿ ತಮ್ಮ ಸೊಸೆಯನ್ನು ಕಾವಲಿಗೆ ನಿಲ್ಲಿಸಿದರು. ನಡೆಯುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಸೇವೆಯ ಪಟ್ಟಿಗಳಲ್ಲಿ ಹೆಚ್ಚಾಗಿ ಮರೆತುಹೋಗುವುದೂ ಇದೇ.

ಆತ್ಮಕೂರು ಬಿಟ್ಟು ವೆಂಕಟಾಪುರ ಮುಟ್ಟಿದರೆ ನಲ್ಲಮಲ ಕಾಡು. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಮೀಸಲು ಸುಮಾರು 3,700 ಚದರ ಕಿಲೋಮೀಟರಿನದು, ದೇಶದಲ್ಲೇ ದೊಡ್ಡದು. ಶಿವರಾತ್ರಿ, ಯುಗಾದಿಗಳ ದಿನಗಳಲ್ಲಿ ಮಾತ್ರ ಕಾಲುದಾರಿಯನ್ನು ತೆರೆಯುತ್ತಾರೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಏರಲು ಶುರುಮಾಡಿದರೆ ಹೆದ್ದಾರಿಯ ಶಾಮಿಯಾನಗಳು ಹಿಂದೆ ಉಳಿಯುತ್ತವೆ. ನೀರು ಇಟ್ಟಲ್ಲಿ ಮಾತ್ರ ನೀರು. ಪೆದ್ದಚೆರುವಿನಲ್ಲಿ ಚೆಂಚು ಬುಡಕಟ್ಟಿನ ಜನರ ಗುಡಿಸಲುಗಳಿವೆ. ಅವರಿಗೂ ಮಲ್ಲಯ್ಯ ಅಳಿಯನೇ, ಚೆಂಚು ಹುಡುಗಿಯನ್ನು ಮದುವೆಯಾದ ಚೆಂಚು ಮಲ್ಲಯ್ಯ. ಎರಡು ಬೀಗರ ಮನೆಯವರು ಕಾಡಿನ ನಡುವೆ ಭೇಟಿಯಾಗುವುದು ಹೀಗೆ. ಒಬ್ಬ ಚೆಂಚು ಮುದುಕ ಮಾತಿಲ್ಲದೆ ಕೈಸನ್ನೆಯಲ್ಲೇ, ಮುಂದಿನ ಏರಿಗೆ ಕೋಲು ಬೇಕೇಬೇಕು ಎಂದು ತೋರಿಸಿ ತನ್ನದನ್ನೇ ನಮ್ಮ ಅಜ್ಜಿಗೆ ಕೊಟ್ಟ.

ಕೋಲು ಬೇಕಾದದ್ದು ಭೀಮನ ಕೊಳದಲ್ಲಿ. ಕಣಿವೆಗೆ ಇಳಿದು, ಕೊಳದ ಮಗ್ಗುಲಿಂದ ಮತ್ತೆ ಕಡಿದಾದ ಕಲ್ಲಿನ ಏರು. ತುದಿಯಲ್ಲಿ ಕೈಲಾಸದ್ವಾರ. ಅರ್ಧ ಏರಿದ ಅಜ್ಜಿ ಅಲ್ಲೇ ಕುಳಿತಳು. ವಿಜಯಪುರ ಕಡೆಯ ನಾಲ್ವರು ಹುಡುಗರು ಮೇಲಿಂದ ಕಂಡು ಇಳಿದು ಬಂದರು. ಒಬ್ಬ ಮುಂದೆ ಕೈ ಹಿಡಿದ, ಇಬ್ಬರು ಹಿಂದಿನಿಂದ ಆಸರೆಯಾದರು. ನಾಲ್ಕನೆಯವನು ದೇವಿಯ ಸೀರೆಯಿದ್ದ ಅವಳ ಗಂಟನ್ನು ಹೆಗಲಿಗೇರಿಸಿ, “ಯವ್ವಾ, ದ್ವಾರದ ಕಡೆ ಇಟ್ಟಿರ್ತೀನಿ” ಎಂದವನೇ ಕಣ್ಮರೆಯಾದ. ಅವನ ಹೆಸರು, ಊರು, ಫೋನ್ ನಂಬರು ಯಾವುದೂ ಯಾರ ಬಳಿಯೂ ಇರಲಿಲ್ಲ. ಅಜ್ಜಿಯ ಮುಖದಲ್ಲಿ ಚಿಂತೆಯಿರಲಿಲ್ಲ, ನನಗೇ ಇತ್ತು. ಬಹಳ ಹೊತ್ತಿನ ಮೇಲೆ ಕೈಲಾಸದ್ವಾರ ಮುಟ್ಟಿದಾಗ ಕಟ್ಟೆಯ ಮೇಲೆ ಹತ್ತಾರು ಗಂಟುಗಳು ಸಾಲಾಗಿದ್ದವು. ಎಲ್ಲವೂ ಹಾಗೆ ಯಾರೋ ಹೊತ್ತು ತಂದು ಇಟ್ಟವು. ಅಜ್ಜಿ ತನ್ನದನ್ನು ಎತ್ತಿಕೊಂಡು, ಗಂಟು ಸಡಿಲಾಗಿದೆಯೇ ಎಂದೂ ನೋಡದೆ ಮುಂದೆ ಹೊರಟಳು.

ಶ್ರೀಶೈಲದಲ್ಲಿ ಎಲ್ಲಿ ನೋಡಿದರೂ ಕನ್ನಡ. ದರ್ಶನದ ಸಾಲು ಉದ್ದವಿತ್ತು, ಸೀರೆ ದೇವಿಗೆ ಸೇರಿತು. ಪಾತಾಳಗಂಗೆಯಲ್ಲಿ ಕಾಲಿಟ್ಟಾಗ ಗುಂಪಿನ ಹೆಂಗಸರು, ಇದು ನಮ್ಮ ಆಲಮಟ್ಟಿಯಿಂದ ಬಂದ ನೀರೇ ಅಲ್ಲವೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅದು ಕೃಷ್ಣೆಯೇ.

ಮರಳಿದ್ದು ಬಸ್ಸಿನಲ್ಲಿ. ದೋರ್ನಾಲದ ಘಟ್ಟ ಇಳಿಯುವ ಮೊದಲೇ ಮುಂದಿನ ವರ್ಷದ ಮಾತು ಎದ್ದಿತ್ತು. ಈ ಸಲ ಉಂಡು ಬಂದೆವು, ಬರುವ ಸಲ ನಾವೊಂದು ಕಡೆ ಇಡಬೇಕು ಎಂದು ಮಗ್ಗದ ಮನೆಯ ಸೊಸೆ ತೆಗೆದ ಮಾತು. ಇಳಕಲ್ಲಿನಲ್ಲೇ ಇಡೋಣ ಎಂದರು ಕೆಲವರು. ಅಲ್ಲಿ ಇಡುವವರು ಬೇಕಾದಷ್ಟಿದ್ದಾರೆ, ನಂದಿಕೊಟ್ಕೂರಿನಾಚೆ ನೆರಳಿಲ್ಲದ ಕಡೆ ಹೋಗೋಣ, ಹೆಂಗಸರಿಗೆ ತಾತ್ಕಾಲಿಕ ಬಚ್ಚಲು ಮಾಡೋಣ ಎಂದು ಅವಳ ಹಟ. ಯಾರೋ ಬಸ್ಸಿನ ಟಿಕೆಟ್ಟಿನ ಹಿಂದೆ ಪಟ್ಟಿ ಶುರುಮಾಡಿದರು. ಮೊದಲ ಹೆಸರು ಅಜ್ಜಿಯದು, ಎರಡು ಚೀಲ ಜೋಳ. ತಗಡು, ಬಿದಿರು ಸಿಕ್ಕಿತು. ಟ್ಯಾಂಕರ್ ಯಾರದು ಎಂಬುದು ಮಾತ್ರ ಕರ್ನೂಲು ದಾಟಿದರೂ ತೀರ್ಮಾನವಾಗಿರಲಿಲ್ಲ.