ಗದ್ದಲವನ್ನು ಗೆದ್ದ ಅಲೆ

ಮುಂಗಾರಿನ ಸಂಜೆ ರೇಡಿಯೋ ಕೇಳಿದವರಿಗೆಲ್ಲ ಒಂದು ಸಂಗತಿ ತಿಳಿದಿದೆ. ದೂರದಲ್ಲೆಲ್ಲೋ ಮಿಂಚು ಹೊಳೆದರೆ ಸಾಕು, ವಾರ್ತೆ ಓದುವವರ ಮಾತಿನ ನಡುವೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು ಕೇಳಿಬರುತ್ತದೆ. ಈ ಗದ್ದಲವನ್ನು ತೊಲಗಿಸುವುದಕ್ಕಾಗಿ ಬಾಳನ್ನೇ ಸವೆಸಿದವನು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್.

ಮನುಷ್ಯನ ದನಿ ತಾನಾಗಿಯೇ ಬಹುದೂರ ಹೋಗಲಾರದು. ಮೈಕ್ರೋಫೋನು ಅದನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಆ ಏರಿಳಿತವೇ ಸಂಕೇತ. ಅದನ್ನು ಹಾಗೆಯೇ ಆಕಾಶಕ್ಕೆ ಬಿಡಬಾರದೇಕೆ? ಸೆಕೆಂಡಿಗೆ 3000 ಸಲ ಕಂಪಿಸುವ ರೇಡಿಯೋ ಅಲೆಯ ಉದ್ದ 100 ಕಿಲೋಮೀಟರು. ಅದನ್ನು ಚೆನ್ನಾಗಿ ಪ್ರಸಾರ ಮಾಡಲು ಅದರ ಕಾಲುಭಾಗದಷ್ಟು, ಎಂದರೆ 25 ಕಿಲೋಮೀಟರು ಎತ್ತರದ ಕಂಬ ಬೇಕಾದೀತು. ಎವರೆಸ್ಟ್ ಶಿಖರವೇ 9 ಕಿಲೋಮೀಟರು ತುಂಬದು! ಆದುದರಿಂದ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಂಪಿಸುವ ವಾಹಕ ಅಲೆಯೊಂದನ್ನು ಹುಟ್ಟಿಸಿ, ದನಿಯನ್ನು ಅದರ ಮೇಲೆ ಹೊರಿಸಿ ಕಳುಹಿಸುತ್ತಾರೆ. ಹೀಗೆ ಹೊರಿಸುವುದೇ ಮಾಡ್ಯುಲೇಷನ್.

ದನಿಗೆ ತಕ್ಕಂತೆ ವಾಹಕ ಅಲೆಯ ಎತ್ತರವನ್ನು ಹೆಚ್ಚುಕಡಿಮೆ ಮಾಡುವುದು ಮೊದಲು ಬಳಕೆಗೆ ಬಂದ ಕ್ರಮ. ಅದು ಸರಳ, ರೇಡಿಯೋ ಪೆಟ್ಟಿಗೆಯೂ ಅಗ್ಗ. ತೊಡಕೆಂದರೆ, ಮಿಂಚು ಕೆಡಿಸುವುದೂ ಎತ್ತರವನ್ನೇ. ಯಾವ ಏರಿಳಿತ ಮಾತಿನದು, ಯಾವುದು ಮಿಂಚಿನದು ಎಂಬುದನ್ನು ಪೆಟ್ಟಿಗೆ ಬೇರ್ಪಡಿಸುವುದೆಂತು?

ಆರ್ಮ್‌ಸ್ಟ್ರಾಂಗ್ ಎತ್ತರದ ಗೊಡವೆಗೇ ಹೋಗಲಿಲ್ಲ. ಸೆಕೆಂಡಿಗೆ ಅಲೆ ಎಷ್ಟು ಸಲ ಕಂಪಿಸುತ್ತದೆಂಬ ಆವೃತ್ತಿಯನ್ನು ಆತನು ದನಿಗೆ ತಕ್ಕಂತೆ ಬದಲಿಸಿದನು. ಗ್ರಾಹಕದಲ್ಲಿ ಅಲೆಗಳ ತಲೆಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿದರೂ ಮಾತಿಗೆ ಕುಂದಿಲ್ಲ. ಗದ್ದಲ ಮಾತ್ರ ಬಹುಮಟ್ಟಿಗೆ ಉದುರಿಹೋಗುತ್ತದೆ. ಆವೃತ್ತಿಯನ್ನು ಬದಲಿಸುವ ಯೋಚನೆ ಹೊಸದಾಗಿರಲಿಲ್ಲ. ಅದನ್ನು ಅತ್ಯಲ್ಪವಾಗಿ ಅಲುಗಿಸಿ ಜಾಗ ಉಳಿಸಬೇಕೆಂಬುದು ಹಿಂದಿನವರ ಹವಣಿಕೆ. ಜಾಗ ಉಳಿಯದೆಂದು 1922ರಲ್ಲಿ ಜಾನ್ ಕಾರ್ಸನ್ ಗಣಿತದಿಂದ ತೋರಿಸಿದ ಮೇಲೆ ಹಲವರು ಕೈಬಿಟ್ಟರು. ಆರ್ಮ್‌ಸ್ಟ್ರಾಂಗ್ ತದ್ವಿರುದ್ಧವಾಗಿ ನಡೆದು, ಆವೃತ್ತಿಯನ್ನು ಧಾರಾಳವಾಗಿ ಹಿಗ್ಗಿಸಿದನು. ಗುಟ್ಟು ಇದ್ದುದು ಆ ಧಾರಾಳದಲ್ಲಿ.

1933ರಲ್ಲಿ ಪೇಟೆಂಟುಗಳು ದೊರೆತವು. 1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳ ಸಭೆಯಲ್ಲಿ ಆತನು ತನ್ನ ಗ್ರಾಹಕವನ್ನು ಚಾಲೂ ಮಾಡಿದನು. ದೂರದ ಮನೆಯೊಂದರಲ್ಲಿ ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಹರಿದ ಸದ್ದು ಪಕ್ಕದಲ್ಲೇ ನಡೆದಂತೆ ಕೇಳಿದವು.

ಆದರೆ ಹಳೆಯ ಕ್ರಮದಲ್ಲಿ ಹಣ ತೊಡಗಿಸಿದವರಿಗೆ ಹೊಸದು ರುಚಿಸಲಿಲ್ಲ. 1945ರಲ್ಲಿ ಸರಕಾರವು ಈ ಪ್ರಸಾರವನ್ನು 88ರಿಂದ 108 ಮೆಗಾಹರ್ಟ್ಸ್‌ಗೆ ಸ್ಥಳಾಂತರಿಸಲು, ಜನ ಕೊಂಡಿದ್ದ ಪೆಟ್ಟಿಗೆಗಳು ಕೆಲಸಕ್ಕೆ ಬಾರದಾದವು. (ಇಂದು ಬೆಂಗಳೂರಿನ ಎಫ್.ಎಂ. ಕೇಂದ್ರಗಳಿರುವುದೂ ಈ ಪಟ್ಟಿಯಲ್ಲಿಯೇ.) ಹಕ್ಕಿನ ಹಣ ಕೊಡದೆ ತನ್ನ ಉಪಾಯವನ್ನು ಬಳಸಿದ ಕಂಪನಿಗಳ ಮೇಲೆ ಆರ್ಮ್‌ಸ್ಟ್ರಾಂಗ್ ಹೂಡಿದ ಮೊಕದ್ದಮೆಗಳು ಆತನ ಸಂಪತ್ತನ್ನೂ ನೆಮ್ಮದಿಯನ್ನೂ ನುಂಗಿದವು. 1954ರ ಜನವರಿಯ ಕೊನೆಯಲ್ಲಿ, ಮನಸ್ಸು ಮುರಿದ ಆತನು ತನ್ನ ಜೀವವನ್ನೇ ಕೊನೆಗಾಣಿಸಿಕೊಂಡನು.

ಪತ್ನಿ ಮೇರಿಯನ್ ಮೊಕದ್ದಮೆಗಳನ್ನು ಬಿಡಲಿಲ್ಲ. ಒಂದೊಂದಾಗಿ ಮುಂದುವರಿಸಿದಳು. ಕೊನೆಯದು ಆಕೆಯ ಪರವಾಗಿ ಇತ್ಯರ್ಥವಾದದ್ದು 1967ರಲ್ಲಿ.